ನೂಡಲ್ಸ್ ಸೊಸೆ

ಬೈರಕೂರು
14-4-2025

ಶ್ರೀವಾಣಿಗೆ,

ಕಾಗದ ನೋಡಿ ಗಾಬರಿ ಬೀಳಬೇಡ, ಇಲ್ಲಿ ಎಲ್ಲರೂ ಬದುಕಿದ್ದೇವೆ. ಮದುವೆಯಾದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲನೇ ಕಾಗದ ಇದು. ನೀನು ಫೋನು ಎತ್ತಿದ್ದರೆ ಇದೂ ಬರುತ್ತಿರಲಿಲ್ಲ. ಮುಳಬಾಗಿಲಿನ ಪೋಸ್ಟಾಫೀಸಿನಲ್ಲಿ ಕವರು ಕೇಳಿದರೆ ಅಲ್ಲಿದ್ದ ಹೆಂಗಸು "ಕೋರ್ಟಿಗಾ?" ಅಂದಳು. ಅಲ್ಲಮ್ಮ, ಹೆಂಡತಿಗೆ ಅಂದೆ. ಆಮೇಲೆ ಇನ್ನೂ ಅನುಮಾನದಿಂದ ನೋಡಿದಳು.

ಯುಗಾದಿಗೆ ಅಂತ ತವರಿಗೆ ಹೋದವಳು ಹಬ್ಬ ಮುಗಿಸಿಕೊಂಡು ಬರುತ್ತೀನಿ ಅಂದಿದ್ದೆ. ಬಾಗಿಲಿಗೆ ಕಟ್ಟಿದ ಮಾವಿನ ಸೊಪ್ಪು ಒಣಗಿ ಉದುರಿತು. ನಿನ್ನ ತಮ್ಮ ಚಂದ್ರಮೋಹನನಿಗೆ ಫೋನು ಮಾಡಿದರೆ "ಅಂಗಡೀಲಿ ಗಿರಾಕಿ ಇದಾರೆ ಭಾವ" ಅಂತ ಇಟ್ಟುಬಿಡುತ್ತಾನೆ. ಶ್ರೀನಿವಾಸಪುರದಲ್ಲಿ ಅಷ್ಟೊಂದು ಜನ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಆ ರೀಲ್ಸ್ ನೋಡಿ ಸಿಟ್ಟಾಗಿದ್ದೀಯ ತಾನೆ? ಸರಿ, ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ನೀನು ಹೋದ ಮಾರನೇ ದಿನ ಡೈರಿಗೆ ಹಾಲು ಹಾಕಲು ಹೋಗಿದ್ದೆ. ಸೆಕ್ರೆಟರಿ ಕೋದಂಡರಾಮಪ್ಪನವರು ಎಲ್ಲರ ಮುಂದೆ ಕೇಳಿದರು: "ಏನಯ್ಯಾ ಉಮೇಶ, ರೇಷ್ಮೆ ಹುಳ ಎಲ್ಲಾ ಹೋಯ್ತಂತೆ? ಏನಾಯ್ತೋ?" ಕ್ಯಾನು ಹಿಡಿದು ನಿಂತಿದ್ದವರೆಲ್ಲ ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು. ನನಗೆ ಆ ಮುಖಗಳನ್ನು ಕಂಡರೆ ಆಗುವುದಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. "ನಮ್ಮೋಳು ನೂಡಲ್ಸ್ ಮಾಡಿದ್ಲು ಸಾರ್. ಹುಳಕ್ಕೆ ಗಮಲು ತಾಕ್ತು. ಇನ್ಮೇಲೆ ನಮಗೆ ಸೊಪ್ಪು ಬ್ಯಾಡ, ನೂಡಲ್ಸೇ ಬೇಕು ಅಂತ ಧರಣಿ ಕೂತ್ವು. ಉಪವಾಸ ಇದ್ದು ಪ್ರಾಣ ಬಿಟ್ವು."

ಎಲ್ಲರೂ ನಕ್ಕರು. ಅಷ್ಟೇ ಕಣೇ ನಡೆದದ್ದು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಆ ಕದಿರೇಶ ಅದನ್ನೇ ಹಿಡಿದುಕೊಂಡು, ಯಾರದೋ ಸೀರೆ ಸುತ್ತಿಕೊಂಡು ಕುಣಿದು ರೀಲ್ಸ್ ಮಾಡುತ್ತಾನೆ ಅಂತ ನಾನೇನು ಕನಸು ಕಂಡಿದ್ದೆನಾ? ಕೊನೆಯಲ್ಲಿ "ಐಡಿಯಾ ಕೊಟ್ಟವರು ಉಮೇಶಣ್ಣ" ಅಂತ ಹಾಕು ಅಂತ ನಾನು ಹೇಳಿರಲಿಲ್ಲ.

ತಮಾಷೆಗೆ ಆಡಿದ ಮಾತಿಗೆ ಸಂಸಾರ ಬಿಟ್ಟು ಕೂತರೆ ಹೇಗೆ? ಭಾನುವಾರದ ಬಸ್ಸಿಗೆ ಬಾ. ಮುಳಬಾಗಿಲ ಬಸ್ ಸ್ಟ್ಯಾಂಡಿನಲ್ಲಿ ನಾನೇ ಕಾಯುತ್ತಿರುತ್ತೇನೆ.

ನಿನ್ನ,
ಉಮೇಶ


ಶ್ರೀನಿವಾಸಪುರ
22-4-2025

ಮನೆಯವರಿಗೆ,

ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಕಾದಿರೋ ಇಲ್ಲವೋ ಗೊತ್ತಿಲ್ಲ. ಕಾದಿದ್ದರೆ ಬಿಸಿಲು ಚೆನ್ನಾಗಿಯೇ ಬಿದ್ದಿರುತ್ತದೆ.

ಫೋನು ಎತ್ತಲಿಲ್ಲ ಅಂದಿರಿ. ನಮ್ಮ ಮನೆ ಹೇಗಿದೆ ಅಂತ ನಿಮಗೆ ಗೊತ್ತು. ಮುಂದೆ ಅಂಗಡಿ, ಹಿಂದೆ ಒಂದು ರೂಮು. ನಾನು ಫೋನಿನಲ್ಲಿ ಒಂದು ಮಾತಾಡಿದರೆ ಬೆಲ್ಲ ತೂಗಿಸಿಕೊಳ್ಳುತ್ತಿರುವವರಿಗೂ ಕೇಳಿಸುತ್ತದೆ. ನಾನು ಅಳುವುದನ್ನು ಗಿರಾಕಿಗಳು ಕೇಳಬೇಕಾ? ಅದಕ್ಕೇ ಕಾಗದ.

ನೂಡಲ್ಸ್ ನಿಮ್ಮ ಮನೆಗೆ ತಂದವಳು ನಾನು, ಒಪ್ಪಿದೆ. ಅದು ನನ್ನ ತಮ್ಮ ಪ್ರತಿ ಸಲ ಬಸ್ಸು ಹತ್ತಿಸುವಾಗ ಡಬ್ಬಗಟ್ಟಲೆ ಕೊಡುತ್ತಿದ್ದ ತವರಿನ ಉಡುಗೊರೆ. ತಿಂದವರು ಯಾರು? ಹುಳುಗಳು ನಾಲ್ಕನೇ ಜ್ವರಕ್ಕೆ ಪೊರೆ ಬಿಟ್ಟು ಎದ್ದ ಮೇಲೆ ಸೊಪ್ಪು ಕೊಯ್ಯುವುದು, ಹಾಕುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಒಲೆ ಮುಂದೆ ನಿಲ್ಲುವುದಕ್ಕೆ ಪುರುಸೊತ್ತಿಲ್ಲ. ಹುಳು ಮನೆಗೆ ಒಗ್ಗರಣೆ ವಾಸನೆ ಬಡಿಯಬಾರದು ಅಂತ ನಿಮ್ಮಲ್ಲಿ ಕಟ್ಟುನಿಟ್ಟು ಬೇರೆ. ಆಗ ನೂಡಲ್ಸ್ ಎಲ್ಲರಿಗೂ ಬೇಕಾಯಿತು. ನೀವು ಅದನ್ನು ಸಾರಿನ ಬದಲು ಮುದ್ದೆಗೆ ಸುರಿದುಕೊಂಡು ಉಂಡವರು. ನಾನು ನೋಡುವ ಕೊರಿಯಾ ಸೀರಿಯಲ್ಲಿನಲ್ಲಿ ರಾಮೆನ್ ಅಂತ ಪಾತ್ರೆ ಮುಚ್ಚಳದಲ್ಲಿ ಹಾಕಿಕೊಂಡು ಸೊರ್ ಅಂತ ತಿನ್ನುವುದನ್ನು ಕಂಡು, ಹಿಪ್ಪುನೇರಳೆ ಕಡ್ಡಿ ಎರಡು ಕೆತ್ತಿಕೊಂಡು ಬಂದು "ನಾವೂ ಕೊರಿಯಾದೋರೇ ಕಣೇ" ಅಂದವರು ನೀವೇ. ಅವತ್ತು ನೀವು ಮೂಗಿಗೆಲ್ಲ ಮೆತ್ತಿಕೊಂಡಿದ್ದಿರಿ. ನಾನು ಅಷ್ಟು ನಕ್ಕಿದ್ದೇ ಕೊನೆ ಇರಬೇಕು.

ಇನ್ನು ಒಗ್ಗರಣೆ. ನೂಡಲ್ಸ್ ಚಪ್ಪೆ ಅಂತ ಅತ್ತೆ ಅವತ್ತು ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಮುರಿದು ಒಗ್ಗರಣೆ ಹಾಕಿದರು. ಸಾಸಿವೆ ಸಿಡಿದದ್ದು ನಿಮಗೂ ಕೇಳಿಸಿತ್ತು. ಎರಡು ದಿನಕ್ಕೆ ಹುಳುಗಳು ವಾಂತಿ ಮಾಡಿಕೊಂಡು ಒದ್ದಾಡಿ ಸತ್ತಾಗ ಅತ್ತೆ ಅಂದದ್ದು "ನಿನ್ ನೂಡಲ್ಸ್ ವಾಸ್ನೆಗೇ ಹೋದ್ವು". ಒಗ್ಗರಣೆ ಅನ್ನಲಿಲ್ಲ. ನೀವು ನೆಲ ನೋಡುತ್ತಿದ್ದಿರಿ. ಸತ್ತ ಹುಳುಗಳನ್ನು ಬುಟ್ಟಿಗೆ ತುಂಬಿ ಗುಂಡಿಗೆ ಹಾಕಿದವಳು ನಾನು. ವಯಸ್ಸಾದವರು, ಹೊಟ್ಟೆ ಉರಿದು ಅಂದಿದ್ದಾರೆ ಅಂತ ಸುಮ್ಮನಾದೆ.

ಈಗ ಇಲ್ಲಿಯ ಕಥೆ ಕೇಳಿ. ಮಾವಿನ ಮಂಡಿಗೆ ಬರುವ ಗಾಡಿಯವರು ಅಂಗಡಿ ಮುಂದೆ ನಿಂತು "ಹುಳ ಸಾಯ್ಸೋ ನೂಡಲ್ಸ್ ಇದೆಯೇನಪ್ಪಾ?" ಅಂತ ಚಂದ್ರಮೋಹನನನ್ನು ಕೇಳುತ್ತಾರೆ. ಮಾಲೂರಿನ ದೊಡ್ಡಮ್ಮ ಫೋನು ಮಾಡಿ "ಅದು ನಮ್ಮ ಶ್ರೀವಾಣೀನಾ?" ಅಂದರು. ಅಪ್ಪ ಯಾರಿಗೂ ಏನೂ ಹೇಳದೆ, ಅಂಗಡಿ ಮುಂದೆ ತೂಗುತ್ತಿದ್ದ ನೂಡಲ್ಸ್ ಪ್ಯಾಕೆಟ್ಟಿನ ಸರಗಳನ್ನೆಲ್ಲ ಇಳಿಸಿ ಒಳಗೆ ಸೋಪಿನ ಹಿಂದೆ ಇಟ್ಟಿದ್ದಾರೆ. ಯಾರಾದರೂ ಕೇಳಿದರೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಅದನ್ನು ನೋಡಿದಾಗ ನನಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸುತ್ತದೆ.

ನನಗೆ ಬೇಕಾದದ್ದು ಒಂದೇ. ಡೈರಿಯಲ್ಲಿ ಅಂದ ಮಾತನ್ನು ಡೈರಿಯಲ್ಲೇ, ಅಷ್ಟೇ ಜನರ ಮುಂದೆ, ತಪ್ಪು ಅಂತ ಹೇಳಿ. ಆಮೇಲೆ ಬಸ್ಸಿನ ಮಾತು.

ಶ್ರೀವಾಣಿ


ಬೈರಕೂರು
5-5-2025

ಶ್ರೀವಾಣಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಊಟ ಸೇರಲಿಲ್ಲ. ಮಾವನವರು ಪೇಪರಿನಲ್ಲಿ ಸುತ್ತಿ ಕೊಡುವ ವಿಷಯ ಬರೆಯಬಾರದಿತ್ತು ನೀನು. ಅವರ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಒಂದು ಸಮಾಚಾರ. ರೇಷ್ಮೆ ಇಲಾಖೆಯವರು ಬಂದಿದ್ದರು. ಹುಳು ಮನೆ ನೋಡಿದರು, ತೋಟ ನೋಡಿದರು, ಏನೇನು ಆಯಿತು ಅಂತ ಕೇಳಿದರು. ವಾಂತಿ ಮಾಡಿಕೊಂಡು ಒದ್ದಾಡಿ ಸತ್ತವು ಅಂದೆ. ನೂಡಲ್ಸ್ ವಿಷಯ ಕೇಳಿ ಅವರೂ ನಕ್ಕರು. ಅವರು ಹೇಳಿದ್ದೇನೆಂದರೆ, ಅದು ವಾಸನೆಯೂ ಅಲ್ಲ, ರೋಗವೂ ಅಲ್ಲ, ಸೊಪ್ಪಿನ ಮೇಲೆ ಔಷಧಿ ಕೂತಿದೆ. ನಮ್ಮ ತೋಟದ ಬಡಗಣ ಸಾಲುಗಳ ಪಕ್ಕದಲ್ಲೇ ಕೋದಂಡರಾಮಪ್ಪನವರ ಟೊಮೆಟೊ ಇದೆಯಲ್ಲ, ಅವರು ಹೊಡೆಸಿದ ಔಷಧಿ ಗಾಳಿಗೆ ಈ ಕಡೆ ಬಂದಿದೆ. ಅವತ್ತು ಸೊಪ್ಪು ಸಾಲದೆ ನಾನು ಆ ಸಾಲುಗಳಿಗೇ ಕೈ ಹಾಕಿದ್ದೆ.

ಹಾಗಾಗಿ ನಿನ್ನ ನೂಡಲ್ಸ್ ನಿರಪರಾಧಿ. ಅಮ್ಮನ ಒಗ್ಗರಣೆಯೂ ನಿರಪರಾಧಿ. ಖುಷಿಯಾಯಿತಾ?

ಡೈರಿಗೂ ಹೋದೆ. ಹೇಳಲೇಬೇಕು ಅಂತ ದಾರಿಯುದ್ದಕ್ಕೂ ಬಾಯಲ್ಲಿ ಉರು ಹೊಡೆದುಕೊಂಡು ಹೋದೆ. ಸಾಲಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡು "ನೋಡ್ರಪ್ಪಾ, ನಮ್ಮ ಹುಳ ಹೋಗಿದ್ದು ನೂಡಲ್ಸಿಂದ ಅಲ್ಲ" ಅಂದೆ. ಹಿಂದಿನಿಂದ ಯಾರೋ "ಮತ್ತೇನು, ಬಿರಿಯಾನೀನಾ?" ಅಂದರು. ಡೈರಿಗೆ ಡೈರಿಯೇ ನಕ್ಕಿತು. ಶ್ರೀವಾಣಿ, ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ, ನಾನೂ ನಕ್ಕೆ. ನಗದಿದ್ದರೆ ಅಲ್ಲಿ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ. ಹಾಲು ಹಾಕಿ ಬಂದೆ.

ಹೇಳಲು ಹೋಗಿದ್ದಂತೂ ನಿಜ. ಅದನ್ನೇ ಹೇಳಿದ ಹಾಗೆ ಅಂತ ಲೆಕ್ಕಕ್ಕೆ ಹಿಡಿದುಕೊಳ್ಳಲು ಆಗುವುದಿಲ್ಲವೇ?

ಉಮೇಶ


ಶ್ರೀನಿವಾಸಪುರ
19-5-2025

ಇಲ್ಲ, ಆಗುವುದಿಲ್ಲ.

ನಿಮ್ಮ ಎರಡು ಕಾಗದಗಳನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದೆ. ಮೊದಲನೆಯದರಲ್ಲಿ, ಹುಳು ಹೇಗೆ ಸತ್ತವು ಅಂತ ಎಲ್ಲರ ಮುಂದೆ ಕೇಳಿದವರು ಕೋದಂಡರಾಮಪ್ಪನವರು. ಎರಡನೆಯದರಲ್ಲಿ, ಔಷಧಿ ಹೊಡೆಸಿದ ಟೊಮೆಟೊ ತೋಟವೂ ಕೋದಂಡರಾಮಪ್ಪನವರದ್ದು. ವಾಂತಿ ಮಾಡಿಕೊಂಡು ಸಾಯುವ ಹುಳು ಏನು ತಿಂದು ಸಾಯುತ್ತದೆ ಅಂತ ತಿಳಿಯಲು ಬೈರಕೂರಿನವರಿಗೆ ಇಲಾಖೆಯವರು ಬೇಕಾ? ಹುಟ್ಟಿದಾಗಿನಿಂದ ಹುಳು ಮೇಯಿಸಿದವರು ನೀವು. ಸೊಪ್ಪು ಕೊಯ್ದವರೂ ನೀವೇ.

ಅವರು ಕೇಳಿದಾಗ "ನಿಮ್ಮ ತೋಟದ ಔಷಧಿ ಸಾರ್" ಅನ್ನುವುದಕ್ಕೆ ನಿಮಗೆ ಹೆದರಿಕೆ. ಸೆಕ್ರೆಟರಿ, ದಿನಾ ನಿಮ್ಮ ಹಾಲು ಅಳೆಯುವವರು. ಯಾರದಾದರೂ ಒಂದು ಹೆಸರು ಹೇಳಬೇಕಿತ್ತು, ಕೈಗೆ ಸಿಕ್ಕಿದವಳು ನಾನು. ನಾನು ಊರಿನಲ್ಲೂ ಇರಲಿಲ್ಲ, ಇನ್ನೂ ಸುಲಭವಾಯಿತು.

ಇದನ್ನು ತಮಾಷೆ ಅಂತ ಇನ್ನೊಂದು ಸಲ ಬರೆಯಬೇಡಿ.

ಅತ್ತೆಗೆ ಮಂಡಿ ನೋವು ಹೇಗಿದೆ?

ಶ್ರೀವಾಣಿ


ಬೈರಕೂರು
8-6-2025

ಶ್ರೀವಾಣಿ, ಇದು ಅಮ್ಮನ ಕಾಗದ. ಹೇಳುತ್ತಿರುವುದು ಅಮ್ಮ, ಕೈ ಮಾತ್ರ ನನ್ನದು. ಹೇಳಿದ್ದು ಹೇಳಿದ ಹಾಗೆ ಬರೆಯದಿದ್ದರೆ ಪಕ್ಕದ ಮನೆ ಸುನಂದಕ್ಕನ ಹತ್ತಿರ ಓದಿಸಿ ತಾಳೆ ನೋಡುತ್ತಾಳಂತೆ.

ಏನಮ್ಮೀ, ಹೆಂಗಿದ್ದೀಯ ತಲ್ಲಿ? ನನ್ ಮಂಡಿ ಅಂಗೇ ಐತೆ, ಅದುಕ್ಕೇನು ಸಾಯಗಂಟ ಇರೋದೇ. ಅಂತಾ ಸಿಟ್ನಾಗೂ ನನ್ ಮಂಡಿ ಕೇಳಿದ್ಯಲ್ಲ, ಅದುನ್ನ ಕೇಳಿ ನಂಗೆ ನಾಚ್ಕೆ ಆಯ್ತು.

ಇವನು ನಿನ್ ಕಾಗದಾನೆಲ್ಲ ಬೀರುನಾಗೆ ಸೀರೆ ಕೆಳಗೆ ಇಟ್ಟವ್ನೆ. ನಂದೇ ಸೀರೆ. ಹುಡುಕಿದ್ರೆ ಸಿಗಲ್ವಾ? ಸುನಂದನ ಹತ್ರ ಓದಿಸ್ದೆ. ಔಷ್ದಿ ಸೊಪ್ಪು ತಿಂದು ಹುಳ ಸತ್ವು ಅಂತ ಆಪೀಸರು ಹೇಳಿ ಹೋಗಿ ತಿಂಗಳಾಯ್ತಂತೆ. ಈ ನನ್ ಮಗ ನಂಗೂ ಹೇಳಿರ್ಲಿಲ್ಲ ಕಣಮ್ಮಿ. ಬರಿಯೋ ಲೇ, ಯಾಕ್ ನಿಲ್ಲಿಸ್ದೆ? ಬರಿ.

ನಾನು ಏನಂದ್ಕೊಂಡಿದ್ದೆ ಗೊತ್ತಾ? ನನ್ ಒಗ್ಗರಣೆಗೇ ಹೋದ್ವು ಅಂದ್ಕೊಂಡಿದ್ದೆ. ಈ ಮನೆಗೆ ಬಂದಾಗಿಂದ ಹುಳ ಮೇಯಿಸ್ದೋಳು ನಾನು. ವಾಸ್ನೆ ತಾಕೀತು ಅಂತ ಹುಳದ ಮನೆ ಮುಂದೆ ಹೂವು ಮುಡ್ಕೊಂಡೂ ಹೋಗ್ದೋಳು. ಅಂತಾದ್ರಾಗೆ ನಾಲ್ಗೆ ಚಪಲಕ್ಕೆ ಬೆಳ್ಳುಳ್ಳಿ ಹಾಕ್ಬಿಟ್ಟೆ. ಯಾಕೇಂದ್ರೆ ಆ ನೂಡಲ್ಸು ನಂಗೆ ಭಾಳ ಇಷ್ಟ ಆಗಿತ್ತಮ್ಮೀ, ಇನ್ನೊಂಚೂರು ರುಚಿ ಆಗ್ಲಿ ಅಂತ. ಹುಳ ಒದ್ದಾಡೋದ್ನ ನೋಡಿದಾಗ ನಾನೇ ಕೊಂದೆ ಅಂತ ಹೆದ್ರಿಕೊಂಡೆ. ಬಾಯಿ ತೆಗೆದ್ರೆ ನಿನ್ ಹೆಸರು ಬಂತು. ಸೊಸೆ ಅಂದ್ರೆ ಅಷ್ಟು ಸಲೀಸು ನೋಡು.

ಅವತ್ತಿಂದ ನಾನು ಒಗ್ಗರಣೆ ಹಾಕಿಲ್ಲ. ಮನೇಲಿ ಹುಳ ಇಲ್ದೇ ಇದ್ರೂ ಹಾಕಿಲ್ಲ. ಇವನು ಚಪ್ಪೆ ಸಾರು ಉಂಡ್ಕೊಂಡು, ನಾನ್ಯಾಕೆ ಒಗ್ಗರಣೆ ಬಿಟ್ಟೆ ಅಂತ ತಿಳಿದ್ರೂ, ಬಾಯಿ ಬಿಡ್ದೇ ಕೂತವ್ನೆ. ಇದುನ್ನೂ ಬರಿ. ಬರೆದ್ಯಾ? ಓದು ನೋಡಾಣ.

ನೀನು ಬಾ ಅಂತ ನಾನು ಕೇಳಲ್ಲ. ಕೇಳೋಕೆ ಮುಖ ಇಲ್ಲ. ನಿಮ್ಮಪ್ಪಂಗೆ ಹೇಳು, ಆ ಪ್ಯಾಕೀಟು ಮುಂದುಗಡೇನೇ ನೇತಾಕ್ಲಿ.

ವೆಂಕಟರತ್ನಮ್ಮ
(ಹೆಬ್ಬೆಟ್ಟು ಬೇಡ, ಸೈನೇ ಹಾಕುತ್ತೇನೆ ಅಂತ ಅವಳೇ ಕೈಯಾರೆ ಬರೆದಿದ್ದಾಳೆ. ಸೊಟ್ಟಗಿದೆ. ನಾನು ಇಲ್ಲಿ ಏನೂ ಸೇರಿಸುವುದಿಲ್ಲ. ಸೇರಿಸುವ ಯೋಗ್ಯತೆ ಇಲ್ಲ.)


ಬೈರಕೂರು
29-6-2025

ಶ್ರೀವಾಣಿ,

ಹೇಳಿದೆ.

ಈ ಸಲ ಗಂಟಲು ಸರಿಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕ್ಯಾನು ಕೆಳಗಿಟ್ಟು ಕೋದಂಡರಾಮಪ್ಪನವರ ಮುಖ ನೋಡಿಕೊಂಡೇ ಅಂದೆ. "ಸಾರ್, ನಮ್ಮ ಹುಳ ಸತ್ತಿದ್ದು ನಿಮ್ಮ ಟೊಮೆಟೊ ತೋಟದ ಔಷ್ದಿಗೆ. ಅವತ್ತೇ ನಂಗೆ ಅನುಮಾನ ಇತ್ತು. ನೀವು ಕೇಳಿದ್ರಿ, ನಂಗೆ ಹೆದ್ರಿಕೆ ಆಯ್ತು, ಹೆಂಡ್ತಿ ಮೇಲೆ ಹಾಕ್ದೆ. ಅವಳದೇನೂ ತಪ್ಪಿಲ್ಲ." ಯಾರೂ ನಗಲಿಲ್ಲ. ಕೋದಂಡರಾಮಪ್ಪನವರು "ಗಾಳಿಗೆ ನಾನೇನ್ ಮಾಡ್ಲಪ್ಪಾ?" ಅಂದರು, ಮೆಲ್ಲಗೆ. ಹಾಲು ಅಳೆದುಕೊಂಡರು. ನಾನು ಇಷ್ಟು ದಿನ ಹೆದರಿದ್ದು ಇಷ್ಟಕ್ಕೇ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕದಿರೇಶ ಅಲ್ಲೇ ಇದ್ದ. ಮೂರನೇ ದಿನಕ್ಕೆ ಇನ್ನೊಂದು ರೀಲ್ಸ್ ಬಂತು. ಅದರಲ್ಲಿ ಅವನೇ ನಾನು. ನೂಡಲ್ಸ್ ಪ್ಯಾಕೆಟ್ಟನ್ನು ಮಣೆ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, "ತಪ್ಪಾಯ್ತು ತಾಯಿ, ತವರಿಂದ ಬಾ ತಾಯಿ" ಅಂತ ಅಡ್ಡ ಬೀಳುತ್ತಾನೆ. ಮೊದಲನೆಯದಕ್ಕಿಂತ ಇದನ್ನು ನೋಡಿದವರೇ ಜಾಸ್ತಿಯಂತೆ. ಹೊಸ ಹುಳು ತರಲು ಹೋದಾಗ ಕೋಲಾರದಲ್ಲಿ ಗುರುತಿಲ್ಲದ ಒಬ್ಬರು ನನಗೆ ಕೈ ಮುಗಿದು "ಆರತಿ ಆಯ್ತಾ?" ಅಂದರು.

ಈಗ ಹಾಲಿಗೆ ಅಮ್ಮ ಹೋಗುತ್ತಾಳೆ, ಆ ಮಂಡಿ ಇಟ್ಟುಕೊಂಡು. ನಾನು ಹೋಗುತ್ತಿಲ್ಲ. ರಸ್ತೆಯಲ್ಲಿ ಬೈಕಿನ ಸದ್ದಾದರೆ ಹುಳು ಮನೆಯೊಳಗೆ ಸೇರಿಕೊಳ್ಳುತ್ತೇನೆ. ಒಂದು ಸಲ ಕ್ಷೌರಕ್ಕೆ ಅಂತ ಹೊರಟು, ಅಂಗಡಿ ಮುಂದೆ ಹುಡುಗರು ಫೋನು ಹಿಡಿದು ನಗುತ್ತಿದ್ದದ್ದು ಕಂಡು ಹಾಗೇ ತಿರುಗಿ ಬಂದೆ. ಅವರು ಏನು ನೋಡಿ ನಗುತ್ತಿದ್ದರೋ ದೇವರಿಗೇ ಗೊತ್ತು. ಗಡ್ಡ ಬಿಟ್ಟುಕೊಂಡಿದ್ದೇನೆ.

ನಾನು ಗಂಡಸು, ನನ್ನ ಊರು, ನನ್ನ ಮನೆ. ನನಗೇ ಹೀಗಾಗುತ್ತಿದೆ. ನೀನು ಅಪ್ಪ, ತಮ್ಮನ ಮುಂದೆ, ಬರುವ ಹೋಗುವ ಗಿರಾಕಿಗಳ ಮುಂದೆ, ಆ ಒಂದು ರೂಮಿನಲ್ಲಿ ಹೇಗೆ ಇದ್ದೀಯೋ. ನಾನು ಮೊದಲನೇ ಕಾಗದದಲ್ಲಿ ತಮಾಷೆ ತಮಾಷೆ ಅಂತ ಬರೆದದ್ದು ನೆನಪಾದರೆ ಅದನ್ನು ವಾಪಸು ಕಿತ್ತುಕೊಂಡು ಬರಬೇಕು ಅನ್ನಿಸುತ್ತದೆ.

ಹೊಸ ಹುಳು ತಂದಿದ್ದೇವೆ. ಎರಡನೇ ಜ್ವರ ಎದ್ದಿವೆ, ಚೆನ್ನಾಗಿ ತಿನ್ನುತ್ತಿವೆ. ಬಡಗಣ ಸಾಲಿನ ಸೊಪ್ಪು ಮುಟ್ಟುತ್ತಿಲ್ಲ. ಬಾ ಅಂತ ನಾನು ಕರೆಯುವುದಿಲ್ಲ. ಕರೆಯಬಾರದು ಅಂತಲ್ಲ. ಬಂದರೆ ಆರತಿಯ ರೀಲ್ಸಿನಲ್ಲಿ ತೋರಿಸಿದ ಹಾಗೇ ಆಯಿತು ಅಂತ ಊರು ನಗುತ್ತದೆ, ಆ ನಗು ಮತ್ತೆ ನಿನ್ನ ಮೇಲೇ ಬೀಳುತ್ತದೆ. ನಿನ್ನ ಇಷ್ಟ ಹೇಗೋ ಹಾಗೆ.

ಉಮೇಶ


ಶ್ರೀನಿವಾಸಪುರ
8-7-2025

ರೀ,

ಆರತಿ ರೀಲ್ಸ್ ನಿಮ್ಮ ಕಾಗದಕ್ಕಿಂತ ಮೊದಲೇ ಬಂತು. ಅಂಗಡಿಯಲ್ಲಿ ನಿಂತವರು ನನಗೇ ತೋರಿಸಿದರು. ಚಂದ್ರಮೋಹನನಿಗೂ ನಗು ತಡೆಯಲಾಗಲಿಲ್ಲ, ಒಳಗೆ ಹೋಗಿ ಬಂದ. ನನಗೆ ನಗು ಬರಲಿಲ್ಲ. ನಿಮಗೆ ಹೀಗೇ ಆಗಬೇಕು ಅಂತ ಎಷ್ಟು ದಿನದಿಂದ ಕಾಯುತ್ತಿದ್ದೆ. ಆಯಿತು, ನೋಡಿದೆ. ಹೊಟ್ಟೆ ತಣ್ಣಗಾಗಲಿಲ್ಲ.

ನಿಮಗೆ ಒಂದು ವಿಷಯ ಹೇಳಿಲ್ಲ. ಅಪ್ಪನಿಗೂ ಹೇಳಿಲ್ಲ.

ಮೊದಲನೇ ರೀಲ್ಸ್ ನಾನು ನೋಡಿದ್ದು ಹಬ್ಬದ ಮಾರನೇ ವಾರ, ಅಂಗಡಿಯಲ್ಲೇ. ಅಪ್ಪ ಊಟಕ್ಕೆ ಹೋಗಿದ್ದರು, ನಾನು ಗಲ್ಲಾದಲ್ಲಿ ಕೂತಿದ್ದೆ. ಎಣ್ಣೆಗೆ ಬಂದ ಹುಡುಗಿಯರು "ಅಕ್ಕಾ ಇದು ನೋಡಿ" ಅಂತ ಫೋನು ಹಿಡಿದರು. ಸೀರೆ ಸುತ್ತಿಕೊಂಡ ಒಬ್ಬ ಹುಳುಗಳಿಗೆ ನೂಡಲ್ಸ್ ಉಣಿಸಲು ಹೋಗುತ್ತಾನೆ, ಸೊಪ್ಪು ಬೇಡ ಅಂತ ಹುಳುಗಳು ಧರಣಿ ಕೂರುತ್ತವೆ, ಅತ್ತೆ ಪೊರಕೆ ಹಿಡಿದು ಓಡಿಸುತ್ತಾಳೆ. ನಾನು ನಕ್ಕೆ. ಅಂತಿಂಥ ನಗು ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಮನೆಯೊಳಗಿನ ಮಾತು ಫೋನಿನವರೆಗೂ ಬಂದಿರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. "ಎಂಥಾ ದಡ್ಡಿ ಇವಳು! ಯಾವೂರೋಳೋ?" ಅಂದೆ. ಇನ್ನೊಂದು ಸಲ ಹಾಕಿಸಿಕೊಂಡೆ. ಎರಡನೇ ಸಲ ಕೊನೆಯವರೆಗೂ ನೋಡಿದೆ. ಅಲ್ಲಿ ಬೈರಕೂರು ಅಂತಿತ್ತು. ಅದರ ಕೆಳಗೆ ನಿಮ್ಮ ಹೆಸರು.

ಆ ಹುಡುಗಿಯರು ಇನ್ನೂ ನಗುತ್ತಲೇ ಇದ್ದರು. ನಾನು ಅವರಿಗೆ ಎಣ್ಣೆ ಅಳೆದು ಕೊಟ್ಟೆ. ಅರ್ಧ ಕೆಳಗೆ ಚೆಲ್ಲಿತು.

ನಿಮ್ಮ ಮೇಲಿನ ಸಿಟ್ಟು ನಿಜ, ಅದು ಇನ್ನೂ ಇದೆ. ಆದರೆ ಇಷ್ಟು ದಿನ ನಾನು ಮುಖ ಮುಚ್ಚಿಕೊಂಡು ಕೂತದ್ದು ಅದೊಂದಕ್ಕೇ ಅಲ್ಲ. ಆ ಹೆಂಗಸನ್ನು ದಡ್ಡಿ ಅಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅದು ನಾನಲ್ಲದೆ ಬೇರೆ ಯಾರೋ ಆಗಿದ್ದರೆ, ನಗುತ್ತಲೇ ಇರುತ್ತಿದ್ದೆ. ಸಿಕ್ಕವರಿಗೆಲ್ಲ ತೋರಿಸುತ್ತಿದ್ದೆ. ಡೈರಿಯವರನ್ನು ನಾನು ಯಾವ ಬಾಯಲ್ಲಿ ಬಯ್ಯಲಿ?

ಶನಿವಾರ ಬರುತ್ತೀನಿ. ಕ್ಷಮಿಸಿಬಿಟ್ಟಳು ಅಂತ ತಿಳಿದುಕೊಳ್ಳಬೇಡಿ, ಅದಕ್ಕೆ ಇನ್ನೂ ದಿನ ಬೇಕು. ಹುಳುಗಳು ನಾಲ್ಕನೇ ಜ್ವರ ಎದ್ದಿರಬೇಕು, ಗೂಡು ಕಟ್ಟುವ ಹೊತ್ತಿಗೆ ನಿಮ್ಮಿಬ್ಬರ ಕೈ ಸಾಲದು. ಅತ್ತೆಗೆ ಒಗ್ಗರಣೆ ಹಾಕಲು ಹೇಳಿ. ಗಡ್ಡ ಬೋಳಿಸಿಕೊಳ್ಳಿ.

ಮುಳಬಾಗಿಲಿಗೆ ಬರಬೇಡಿ. ಬೈರಕೂರಿನಲ್ಲೇ ಇಳಿಯುತ್ತೀನಿ. ಬಸ್ಸು ಬರುವುದು ಸರಿಯಾಗಿ ಸಂಜೆ ಹಾಲು ಹಾಕುವ ಹೊತ್ತಿಗೆ, ಜನ ಎಲ್ಲ ಡೈರಿ ಮುಂದೆಯೇ ಇರುತ್ತಾರೆ. ಹಿಂದಿನ ಓಣಿಯಿಂದ ಹೋಗೋಣ ಅನ್ನಬೇಡಿ. ನನ್ನ ಪಕ್ಕದಲ್ಲಿ ನಡೆಯಿರಿ. ಯಾರಾದರೂ ನಕ್ಕರೆ ನಗಲಿ. ನೀವು ಮಾತ್ರ ನಗಬೇಡಿ.

ಶ್ರೀವಾಣಿ